ಹಾಟ್ ಟಬ್ ನೀರಿಗೆ ಕ್ಲೋರಿನ್ನೋ ಬ್ರೋಮಿನ್ನೋ? ಆರಿಸುವ ಮುನ್ನ ತಿಳಿದಿರಬೇಕಾದ ಲೆಕ್ಕ

ಬಚ್ಚಲಿನ ಹಂಡೆಯ ನೀರು ಮೈಮೇಲೆ ಬಿದ್ದ ಕೂಡಲೇ ಮೋರಿಗೆ ಹೋಗುತ್ತದೆ. ಅದಕ್ಕೆ ಔಷಧಿ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಹಾಟ್ ಟಬ್‌ನ ಲೆಕ್ಕ ಬೇರೆ. ನಮ್ಮಲ್ಲಿ ಜಕೂಜಿ ಎಂದೇ ಹೆಸರಾದ ಈ ತೊಟ್ಟಿಯಲ್ಲಿ 1,000ದಿಂದ 1,500 ಲೀಟರ್ ನೀರು 37–40 ಡಿಗ್ರಿ ಬಿಸಿಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇವತ್ತು ಕೂತವರ ಬೆವರು, ಎಣ್ಣೆ, ಚರ್ಮದ ಸಿಪ್ಪೆ ನಾಳೆ ಕೂರುವವರ ಪಾಲಿಗೂ ಅಲ್ಲೇ ಉಳಿದಿರುತ್ತದೆ. (ಪ್ರತಿ ಸಲ ತುಂಬಿಸಿ, ಸ್ನಾನವಾದ ಮೇಲೆ ಖಾಲಿ ಮಾಡುವ ಜೆಟ್ ಬಾತ್‌ಟಬ್‌ಗೆ ಇಲ್ಲಿ ಹೇಳಿದ್ದು ಅನ್ವಯಿಸುವುದಿಲ್ಲ.)

ಅಮೆರಿಕ, ಕೆನಡಾದಲ್ಲಿ ಮನೆಯ ಹಿತ್ತಲಿಗೆ ಇದು ಹೊಸದಲ್ಲ. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಪರಿಚಿತ. ಈಗ ಬೆಂಗಳೂರಿನ ವಿಲ್ಲಾಗಳಿಗೆ, ಕೊಡಗು–ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಬಂದಿದೆ. ತೊಟ್ಟಿ ಬಂದಷ್ಟು ಬೇಗ ಅದರ ನೀರಿನ ತಿಳಿವಳಿಕೆ ಬಂದಿಲ್ಲ. ಈಜುಕೊಳಕ್ಕೆ ಹಾಕುವುದನ್ನೇ ಇದಕ್ಕೂ ಒಂದು ಹಿಡಿ ಹಾಕಿದರಾಯಿತು ಎನ್ನುವ ಅಭ್ಯಾಸದಿಂದ ಹೀಟರ್ ಹಾಳಾಗುತ್ತದೆ, ಚರ್ಮಕ್ಕೆ ಗುಳ್ಳೆ ಬರುತ್ತದೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಅಪಾಯವೂ ಆಗುತ್ತದೆ.

ದೊಡ್ಡ ಅಪಾಯದ ಹೆಸರು ಲೀಜಿಯೊನೆಲ್ಲಾ. 25ರಿಂದ 45 ಡಿಗ್ರಿಯ ನಡುವೆ ಹುಲುಸಾಗಿ ಬೆಳೆಯುವ ಬ್ಯಾಕ್ಟೀರಿಯಾ ಇದು. ಜೆಟ್ ಎಬ್ಬಿಸುವ ಸೂಕ್ಷ್ಮ ಹನಿಗಳ ಜೊತೆ ಶ್ವಾಸಕೋಶ ಸೇರಿ ಕೆಟ್ಟ ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ನಡೆದ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆ ಅಂತ ಚಾಲೂ ಮಾಡಿಟ್ಟಿದ್ದ ಹಾಟ್ ಟಬ್‌ನಿಂದ ಈ ಸೋಂಕು ಹರಡಿ 30ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸೋಂಕು ತಗುಲಲು ನೀರಿಗೆ ಇಳಿಯಬೇಕಾಗಿಯೇ ಇರಲಿಲ್ಲ. ಪಕ್ಕದಲ್ಲಿ ಹಾದುಹೋದರೂ ಸಾಕಿತ್ತು. ಎರಡನೆಯದು ಸುಡೊಮೊನಾಸ್. ಈಜುಡುಗೆ ಮುಚ್ಚಿದ ಜಾಗದಲ್ಲಿ ಒಂದೆರಡು ದಿನದ ಮೇಲೆ ಏಳುವ ಕೆಂಪು ಗುಳ್ಳೆಗಳಿಗೆ ಸಾಮಾನ್ಯವಾಗಿ ಇದೇ ಕಾರಣ. ಎರಡೂ ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಅಡಗಿ ಕೂರುತ್ತವೆ.

ಹಾಗಾಗಿ ಯಾವುದೇ ಸೋಂಕುನಿವಾರಕದ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಾವು ತೊಟ್ಟಿಯಲ್ಲಿ ಕೂತಿರುವ ಹೊತ್ತಿನಲ್ಲಿ, ನಮ್ಮ ಸುತ್ತಲಿನ ನೀರಿನಲ್ಲೇ, ರೋಗಾಣುವನ್ನು ಬೇಗ ಕೊಲ್ಲುವ ವಸ್ತು ಉಳಿದಿರುತ್ತದೆಯೇ? ಈ ಉಳಿಕೆ ಇಲ್ಲದಿದ್ದರೆ ಉಳಿದ ಯಾವ ಗುಣವೂ ಲೆಕ್ಕಕ್ಕಿಲ್ಲ.

ಈ ಜರಡಿ ಹಿಡಿದರೆ ಅರ್ಧ ಅಂಗಡಿ ಸೋಸಿಹೋಗುತ್ತದೆ. ಓಝೋನ್ ಬಲವಾದ ಉತ್ಕರ್ಷಕವೇ (ಕೊಳೆಯನ್ನು ಸುಟ್ಟಂತೆ ಒಡೆಯುವ ವಸ್ತು) ಹೌದು, ಆದರೆ ಬಿಸಿ ನೀರಿನಲ್ಲಿ ನಿಲ್ಲುವುದಿಲ್ಲ. ಪೈಪಿನೊಳಗೆ ಕೆಲಸ ಮಾಡಿ ಮುಗಿಯುತ್ತದೆ. ಯುವಿ ದೀಪ ತನ್ನ ಮುಂದೆ ಹಾದ ನೀರನ್ನಷ್ಟೇ ಶುದ್ಧ ಮಾಡಬಲ್ಲದು. ಬೆಳ್ಳಿ–ತಾಮ್ರದ ಕಡ್ಡಿಗಳು ಕೊಲ್ಲುತ್ತವೆ, ಆದರೆ ತೀರಾ ನಿಧಾನ. ತಾಮ್ರ ಹೆಚ್ಚಾದರೆ ತೊಟ್ಟಿಗೆ ಕಲೆ ಬೇರೆ. ಕಿಣ್ವದ ದ್ರಾವಣ ಎಣ್ಣೆ–ಜಿಡ್ಡನ್ನು ಒಡೆಯುತ್ತದೆ, ರೋಗಾಣುವಿಗೆ ಏನೂ ಮಾಡುವುದಿಲ್ಲ. ‘ಕ್ಲೋರಿನ್ ರಹಿತ ಶಾಕ್’ ಎಂದು ಬರುವ ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್ ಕೂಡ ಬೆವರು–ಜಿಡ್ಡನ್ನು ಸುಡುವ ಉತ್ಕರ್ಷಕ, ಸೋಂಕುನಿವಾರಕ ಅಲ್ಲ. ಇವೆಲ್ಲ ಸಹಾಯಕರು. ಇವುಗಳಲ್ಲಿ ಯಾವುದನ್ನಾದರೂ ತೋರಿಸಿ ‘ಕೆಮಿಕಲ್ಲೇ ಬೇಡ’ ಎಂದರೆ ಆ ಮಾತನ್ನು ನಂಬಬೇಡಿ.

ಬೈಗ್ವಾನೈಡ್ ಎಂಬ ಇನ್ನೊಂದು ಗುಂಪಿದೆ. ವಾಸನೆಯಿಲ್ಲ, ಕಣ್ಣುರಿ ಇಲ್ಲ, ಉಳಿಕೆಯೂ ಇದೆ. ಆದರೆ ಅದು ಉತ್ಕರ್ಷಕ ಅಲ್ಲದ್ದರಿಂದ ಹೈಡ್ರೋಜನ್ ಪೆರಾಕ್ಸೈಡ್ ಪ್ರತ್ಯೇಕವಾಗಿ ಹಾಕಬೇಕು. ಫಿಲ್ಟರ್‌ಗೆ ಗೋಂದಿನಂತೆ ಅಂಟುತ್ತದೆ, ದಿನ ಕಳೆದಂತೆ ಬಿಳಿ ಪಾಚಿಯಂಥ ಬೂಸ್ಟು ಬರುವುದುಂಟು, ಕ್ಲೋರಿನ್ ಜೊತೆ ಸೇರಿದರೆ ನೀರು ಕೆಟ್ಟು ಹೋಗುತ್ತದೆ. ಕ್ಲೋರಿನ್, ಬ್ರೋಮಿನ್ ಎರಡೂ ಮೈಗೆ ಒಗ್ಗದವರಿಗೆ ಮಾತ್ರ ಇದು.

ಉಳಿಯುವುದು ಎರಡೇ.

ಕ್ಲೋರಿನ್: ಹೆಸರು ಒಂದು, ಡಬ್ಬ ಐದು

ಕ್ಲೋರಿನ್ ಬೇಕು ಎಂದರೆ ಅಂಗಡಿಯವರು ಐದು ಬೇರೆ ಬೇರೆ ವಸ್ತು ಕೊಡಬಹುದು. ನೀರಿಗೆ ಬಿದ್ದಾಗ ಐದರಿಂದಲೂ ಹುಟ್ಟುವುದು ರೋಗಾಣುವನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲವೇ. ಅದರ ಜೊತೆಗೆ ಏನನ್ನು ಬಿಟ್ಟುಹೋಗುತ್ತವೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ನಮ್ಮ ಈಜುಕೊಳಗಳಲ್ಲಿ ಎಲ್ಲೆಲ್ಲೂ ಕಾಣುವ ಟಿಸಿಸಿಎ 90 ಎಂಬ ಕ್ಲೋರಿನ್ ಮಾತ್ರೆ ಹಾಟ್ ಟಬ್‌ಗೆ ಬೇಡವೇ ಬೇಡ. ಅದು ತೀರಾ ಆಮ್ಲೀಯ, ಕರಗುವುದು ನಿಧಾನ. ಮಾತ್ರೆ ಬಿದ್ದ ಕಡೆ ಅಕ್ರಿಲಿಕ್ ಬಿಳಿಚಿಕೊಳ್ಳುತ್ತದೆ, ಪಿಎಚ್ (ನೀರಿನ ಆಮ್ಲ–ಕ್ಷಾರ ಗುಣದ ಅಳತೆ) ಕುಸಿದು ಹೀಟರ್‌ನ ಲೋಹ ತಿಂದುಹೋಗುತ್ತದೆ. ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಮೂರನೇ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ, ಉಳಿದದ್ದರಲ್ಲಿ ಬಹುಪಾಲು ಸುಣ್ಣ. ಅದು ಹೀಟರ್ ಮೇಲೆ ಪದರ ಕಟ್ಟುತ್ತದೆ. 65–70 ಶೇಕಡಾ ಬಲದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಶುದ್ಧವಾಗಿದ್ದರೂ ಪ್ರತಿ 10 ಪಿಪಿಎಂ (1 ಪಿಪಿಎಂ ಎಂದರೆ ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ಜೊತೆ ಸುಮಾರು 7 ಪಿಪಿಎಂ ಗಡಸುತನ ಸೇರಿಸುತ್ತದೆ. ಮಲೆನಾಡಿನ ಮೆದು ನೀರಿಗೆ ಕೆಲಕಾಲ ನಡೆಯುತ್ತದೆ, ಬೋರ್‌ವೆಲ್ ನೀರಿಗೆ ಆಗದು.

ಉಳಿದ ಎರಡು: ಎಸ್‌ಡಿಐಸಿ ಅಥವಾ ಡೈಕ್ಲೋರ್ ಎಂಬ ಹರಳು, ಮತ್ತು ಹೈಪೋ ಎಂದು ಕ್ಯಾನಿನಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಡೈಕ್ಲೋರ್ ಬಿಸಿ ನೀರಿನಲ್ಲಿ ಕ್ಷಣದಲ್ಲಿ ಕರಗುತ್ತದೆ, ಪಿಎಚ್ ಅಷ್ಟಾಗಿ ಅಲ್ಲಾಡುವುದಿಲ್ಲ, ಇಟ್ಟರೆ ಕೆಡುವುದಿಲ್ಲ. ಅದಕ್ಕೇ ಹೊಸ ತೊಟ್ಟಿ ಕೊಂಡವರ ಕೈಗೆ ಮೊದಲು ಬರುವ ಡಬ್ಬ ಇದೇ. ಆದರೆ ಇದರೊಳಗೆ ಸಯನ್ಯೂರಿಕ್ ಆಮ್ಲ ಇದೆ, ಮತ್ತು ಹಾಟ್ ಟಬ್‌ನ ಅರ್ಧ ತೊಂದರೆಗಳ ಮೂಲವೂ ಅದೇ.

ಸಯನ್ಯೂರಿಕ್ ಆಮ್ಲ ಕ್ಲೋರಿನ್ನನ್ನು ಸಡಿಲವಾಗಿ ಹಿಡಿದಿಟ್ಟು, ಬೇಕಾದಂತೆ ಸ್ವಲ್ಪ ಸ್ವಲ್ಪ ಬಿಡುತ್ತದೆ. 20–30 ಪಿಪಿಎಂ ಇದ್ದರೆ ಒಳ್ಳೆಯದೇ: ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದಿಲ್ಲ, ಮೂಗಿಗೆ ಘಾಟು ಹೊಡೆಯುವುದಿಲ್ಲ, ಮುಚ್ಚಳದ ರೆಕ್ಸಿನ್, ಈಜುಡುಗೆ ಬೇಗ ಸವೆಯುವುದಿಲ್ಲ. ತೊಂದರೆ ಏನೆಂದರೆ, ಕ್ಲೋರಿನ್ ಖರ್ಚಾದರೂ ಇದು ಖರ್ಚಾಗುವುದಿಲ್ಲ. ಡೈಕ್ಲೋರ್‌ನಿಂದ 10 ಪಿಪಿಎಂ ಕ್ಲೋರಿನ್ ಸೇರಿಸಿದಾಗಲೆಲ್ಲ 9 ಪಿಪಿಎಂ ಸಯನ್ಯೂರಿಕ್ ಆಮ್ಲ ಸೇರಿತು ಎಂದೇ ಲೆಕ್ಕ. ದಿನಕ್ಕೆ 3 ಪಿಪಿಎಂನಂತೆ 90 ದಿನ ಹಾಕಿದರೆ 240 ಪಿಪಿಎಂ ದಾಟುತ್ತದೆ. ಆಗಲೂ ಪರೀಕ್ಷೆಯ ಬಣ್ಣ ‘ಕ್ಲೋರಿನ್ 3’ ಎಂದೇ ತೋರಿಸುತ್ತದೆ. ಆದರೆ ಅದರಲ್ಲಿ ಬಹುಪಾಲು ಕಟ್ಟಿಹಾಕಿದ ಕ್ಲೋರಿನ್. ರೋಗಾಣುವನ್ನು ಕೊಲ್ಲುವ ವೇಗ ಮೊದಲಿನ ಒಂದು ಸಣ್ಣ ಪಾಲಿಗೆ ಇಳಿದಿರುತ್ತದೆ. ‘ಕ್ಲೋರಿನ್ ಸರಿಯಾಗೇ ಇದೆ, ಆದರೂ ನೀರು ಮಬ್ಬು, ಮೈಗೆಲ್ಲ ಗುಳ್ಳೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಹೈಪೋದಲ್ಲಿ ಈ ಗೊಡವೆ ಇಲ್ಲ. ಕೊನೆಗೆ ಉಳಿಯುವುದು ಒಂದಿಷ್ಟು ಉಪ್ಪು ಮಾತ್ರ. ಆದರೆ ಬರೀ ಹೈಪೋ ಹಾಕಿದರೆ ಕ್ಲೋರಿನ್ ತೀರಾ ಚುರುಕಾಗಿ, ಬೇಗ ಖರ್ಚಾಗಿ, ಘಾಟು ಬರುತ್ತದೆ. ಆದ್ದರಿಂದ ಮನೆಬಳಕೆಗೆ ನಮ್ಮ ಒಲವು ಎರಡನ್ನೂ ಕೂಡಿಸುವ ಕ್ರಮದ ಕಡೆಗೆ: ಮೊದಲು ಡೈಕ್ಲೋರ್, ಆಮೇಲೆ ಪೂರ್ತಿ ಹೈಪೋ.

1,200 ಲೀಟರ್ ತೊಟ್ಟಿಯ ಲೆಕ್ಕ ನೋಡಿ. 1 ಪಿಪಿಎಂ ಎಂದರೆ 1.2 ಗ್ರಾಂ ಕ್ಲೋರಿನ್. ಅದಕ್ಕೆ 56 ಶೇಕಡಾ ಡೈಕ್ಲೋರ್ ಆದರೆ 2 ಗ್ರಾಂ ಚಿಲ್ಲರೆ. 10 ಶೇಕಡಾ ಹೈಪೋ ಆದರೆ 12 ಮಿಲಿ. 5 ಶೇಕಡಾದ್ದಾದರೆ 24 ಮಿಲಿ. ಹೊಸ ನೀರು ತುಂಬಿಸಿದ ದಿನದಿಂದ ಡೈಕ್ಲೋರ್ ಬಳಸಿ, ಒಟ್ಟು ಹಾಕಿದ್ದು 70 ಗ್ರಾಂ ಆಗುವವರೆಗೆ. ಅಲ್ಲಿಗೆ ಸಯನ್ಯೂರಿಕ್ ಆಮ್ಲ ಸುಮಾರು 30 ಪಿಪಿಎಂಗೆ ಬಂದಿರುತ್ತದೆ. 70 ಗ್ರಾಂ ಅನ್ನು ಮೊದಲೇ ತೂಗಿ ಒಂದು ಸಣ್ಣ ಒಣ ಡಬ್ಬಿಗೆ ಹಾಕಿಟ್ಟುಕೊಂಡರೆ ದಿನದಿನದ ಲೆಕ್ಕ ಬರೆಯುವ ಕೆಲಸ ತಪ್ಪುತ್ತದೆ. ಡಬ್ಬಿ ಖಾಲಿಯಾದ ದಿನ ಹೈಪೋ ಶುರು. ನೀರು ಬದಲಿಸುವವರೆಗೆ ಮತ್ತೆ ಡೈಕ್ಲೋರ್ ಮುಟ್ಟಬೇಡಿ.

ದಿನದ ಪ್ರಮಾಣ ಜನರ ಮೇಲೆ ನಿಂತಿದೆ. ಒಬ್ಬರು 20 ನಿಮಿಷ ಕೂತು ಎದ್ದರೆ ಅವರು ಬಿಟ್ಟ ಬೆವರು–ಜಿಡ್ಡನ್ನು ಸುಡಲು ಅಂದಾಜು 3 ಗ್ರಾಂ ಕ್ಲೋರಿನ್ ಬೇಕು, ಅಂದರೆ 10 ಶೇಕಡಾ ಹೈಪೋ 30 ಮಿಲಿ. ಇಬ್ಬರು ಅರ್ಧ ಗಂಟೆ ಕೂತರೆ 90 ಮಿಲಿ. ಇದನ್ನು ಹಾಕಬೇಕಾದದ್ದು ಎದ್ದ ತಕ್ಷಣ; ಜೆಟ್ ಚಾಲೂ ಮಾಡಿ, ಮುಚ್ಚಳ ತೆರೆದಿಟ್ಟು 15–20 ನಿಮಿಷ ಬಿಡಿ. ರಾತ್ರಿಯಿಡೀ ಅದು ಕೆಲಸ ಮಾಡುತ್ತದೆ. ಮಾರನೆಯ ದಿನ ಇಳಿಯುವ ಮುನ್ನ ಅಳೆದಾಗ ಕನಿಷ್ಠ 3 ಪಿಪಿಎಂ ಇರಬೇಕು. ಇಲ್ಲದಿದ್ದರೆ ಹಿಂದಿನ ರಾತ್ರಿ ಹಾಕಿದ್ದು ಸಾಲಲಿಲ್ಲ ಎಂದರ್ಥ. 3ಕ್ಕೆ ಏರಿಸಿಯೇ ಇಳಿಯಿರಿ, ಅವತ್ತು ರಾತ್ರಿ ಒಂದೂವರೆ ಪಟ್ಟು ಹಾಕಿ. ಎಣ್ಣೆಸ್ನಾನದ ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಮೈಯಲ್ಲಿ ಉಳಿದ ಎಣ್ಣೆ ನೀರಿಗೆ ಬಂದು ಕ್ಲೋರಿನ್ನನ್ನೆಲ್ಲ ನುಂಗಿ ಫಿಲ್ಟರ್ ಕಟ್ಟಿಸುತ್ತದೆ. ಅವತ್ತು ತೊಟ್ಟಿಗೆ ರಜೆ ಕೊಡುವುದು ಮೇಲು. ಉಳಿದ ದಿನವೂ ಸೋಪು ಹಚ್ಚಿ ಮೈ ತೊಳೆದು ಇಳಿದರೆ ಹೈಪೋ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಹೈಪೋ ಕೊಳ್ಳುವಾಗ ಎರಡು ಎಚ್ಚರ. ಸುವಾಸನೆ, ನೊರೆ, ಗಟ್ಟಿ ಮಾಡುವ ವಸ್ತು ಸೇರಿಸಿದ ಮನೆ ಒರೆಸುವ ದ್ರಾವಣ ಆಗದು. ಇನ್ನೊಂದು, ಬೇಸಿಗೆಯ ಬಿಸಿಗೆ ಹೈಪೋದ ಬಲ ವಾರ ವಾರಕ್ಕೂ ಕುಗ್ಗುತ್ತದೆ. ಕ್ಯಾನಿನ ಮೇಲೆ 10 ಎಂದಿದ್ದರೂ ಒಳಗೆ 6 ಇರಬಹುದು. ಯಾರೂ ಕೂರದ ದಿನ 60 ಮಿಲಿ ಹಾಕಿ, 20 ನಿಮಿಷ ಸುತ್ತಿಸಿ ಅಳೆಯಿರಿ. 5 ಪಿಪಿಎಂ ಏರಬೇಕಾದದ್ದು 3 ಏರಿದರೆ ಅದರ ನಿಜವಾದ ಬಲ 6. ಸಣ್ಣ ಕ್ಯಾನ್ ತಂದು ನೆರಳಲ್ಲಿಡಿ.

ಪಿಎಚ್ ಮತ್ತು ನಿಮ್ಮೂರಿನ ನೀರು

ಕ್ಲೋರಿನ್‌ನ ಶಕ್ತಿ ಪಿಎಚ್ ಮೇಲೆ ನಿಂತಿದೆ. ಸಯನ್ಯೂರಿಕ್ ಆಮ್ಲ ಇಲ್ಲದ ನೀರಿನಲ್ಲಿ ಪಿಎಚ್ 7.5ರ ಹತ್ತಿರ ಅರ್ಧದಷ್ಟು ಚುರುಕು ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಟ್ ಟಬ್‌ನಲ್ಲಿ ಪಿಎಚ್ ಏರುತ್ತಲೇ ಇರುವುದಕ್ಕೆ ಕಾರಣ ಹೈಪೋ ಅಲ್ಲ, ಗಾಳಿಗುಳ್ಳೆ. ಜೆಟ್‌ನ ಗಾಳಿ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಓಡಿಸುತ್ತದೆ. ಕ್ಷಾರೀಯತೆ (ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ) ಹೆಚ್ಚಿದ್ದಷ್ಟೂ ಈ ಏರಿಕೆ ಜೋರು. ಹೈಪೋ ಬಳಸುವವರು ಒಟ್ಟು ಕ್ಷಾರೀಯತೆಯನ್ನು 50–70 ಪಿಪಿಎಂನಲ್ಲಿ ಇಟ್ಟುಕೊಳ್ಳಬೇಕು. ಈಜುಕೊಳದ 100–120 ಇಲ್ಲಿಗಲ್ಲ. ಕಡಿಮೆಯಾದರೆ 1,200 ಲೀಟರ್‌ಗೆ 20 ಗ್ರಾಂ ಅಡುಗೆ ಸೋಡಾ 10 ಪಿಪಿಎಂ ಏರಿಸುತ್ತದೆ. ಹೆಚ್ಚಾದರೆ ಸೋಡಿಯಂ ಬೈಸಲ್ಫೇಟ್ ಎಂಬ ಆಮ್ಲೀಯ ಪುಡಿ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ 7.2ಕ್ಕೆ ಇಳಿಸಿ, ಜೆಟ್ ಓಡಿಸಿ ಏರಲು ಬಿಟ್ಟು, ಮತ್ತೆ ಇಳಿಸುತ್ತಾ ಹೋಗಬೇಕು. 340 ಗ್ರಾಂ ಶುದ್ಧ ಬೋರಿಕ್ ಆಮ್ಲ ಹಾಕಿದರೆ 50 ಪಿಪಿಎಂ ಬೋರೇಟ್ ಬಂದು ಪಿಎಚ್ ಇನ್ನಷ್ಟು ನೆಲೆ ನಿಲ್ಲುತ್ತದೆ. ಕೇರಂ ಬೋರ್ಡಿನ ಪುಡಿ ಬೇಡ, ಅದರಲ್ಲಿ ಬೇರೆ ಪುಡಿಗಳ ಬೆರಕೆ ಇರುತ್ತದೆ.

ಬೆಂಗಳೂರಿನ ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನ ಭಾರತೀಯ ಮಾನಕದ ಅಪೇಕ್ಷಿತ ಮಿತಿಯಾದ ಲೀಟರಿಗೆ 200 ಮಿಲಿಗ್ರಾಂ ಅನ್ನು ಎಷ್ಟೋ ಕಡೆ ಸುಲಭವಾಗಿ ದಾಟುತ್ತದೆ. ಅಂಥ ನೀರಿನಲ್ಲಿ ಪಿಎಚ್ 8ಕ್ಕೆ ಹೋದರೆ ಹೀಟರ್ ಮೇಲೆ ಸುಣ್ಣ ಕಟ್ಟುವುದು ಖಂಡಿತ. ಸಾಫ್ಟ್‌ನರ್ ನೀರನ್ನೂ ಸೇರಿಸಿ ಗಡಸುತನ 100–200ರ ನಡುವೆ ತನ್ನಿ. ಕರಾವಳಿಯ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕ್ಲೋರಿನ್ ಬಿದ್ದೊಡನೆ ತಿಳಿನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕ್ಲೋರಿನ್ ಕೆಟ್ಟಿದೆ ಎಂದು ಇನ್ನಷ್ಟು ಸುರಿಯಬೇಡಿ. ತುಂಬಿಸುವಾಗಲೇ ಕಬ್ಬಿಣ ತೆಗೆಯುವ ಫಿಲ್ಟರ್ ಮೂಲಕ ಬಿಡಬೇಕು.

ಬ್ರೋಮಿನ್ ಯಾರಿಗೆ

ಬ್ರೋಮಿನ್‌ಗೆ ಬಿಸಿ ನೀರು ಒಗ್ಗುತ್ತದೆ. ಪಿಎಚ್ 8 ಇದ್ದರೂ ಅದರ 80 ಶೇಕಡಾಕ್ಕೂ ಹೆಚ್ಚು ಪಾಲು ಚುರುಕು ರೂಪದಲ್ಲೇ ಇರುತ್ತದೆ. ಬೆವರಿನ ಅಮೋನಿಯಾ ಜೊತೆ ಸೇರಿದ ಕ್ಲೋರಿನ್ ಕಣ್ಣುರಿಸುತ್ತದೆ, ಕೊಲ್ಲುವ ಶಕ್ತಿಯನ್ನೂ ಬಹುಪಾಲು ಕಳೆದುಕೊಳ್ಳುತ್ತದೆ. ಹಾಗೆ ಸೇರಿದ ಬ್ರೋಮಿನ್ ಮಾತ್ರ ಕೆಲಸ ಮುಂದುವರಿಸುತ್ತದೆ. ಖರ್ಚಾದ ಬ್ರೋಮಿನ್ ಬ್ರೋಮೈಡ್ ಆಗಿ ನೀರಲ್ಲೇ ಉಳಿಯುತ್ತದೆ, ಉತ್ಕರ್ಷಕ ಹಾಕಿದರೆ ಮತ್ತೆ ಬ್ರೋಮಿನ್ ಆಗಿ ಏಳುತ್ತದೆ.

ಎರಡು ಹೆಜ್ಜೆಯ ಕ್ರಮದಲ್ಲಿ 1,200 ಲೀಟರ್‌ಗೆ 45 ಗ್ರಾಂ ಸೋಡಿಯಂ ಬ್ರೋಮೈಡ್ ಒಮ್ಮೆ ಹಾಕಿ, ಆಮೇಲೆ ದಿನವೂ ಹೈಪೋ ಹಾಕುತ್ತಾ ಹೋಗುವುದು. ಇನ್ನೊಂದು, ತೇಲುವ ಡಬ್ಬಿಯಲ್ಲಿ ಬಿಸಿಡಿಎಂಎಚ್ ಎಂಬ ಬ್ರೋಮಿನ್ ಮಾತ್ರೆ ಇಟ್ಟು ನಿಧಾನಕ್ಕೆ ಕರಗಲು ಬಿಡುವುದು. ದಿನವೂ ತೊಟ್ಟಿಯ ಹತ್ತಿರ ಹೋಗಲಾಗದವರಿಗೆ, ವಾರಾಂತ್ಯದಲ್ಲಷ್ಟೇ ಬರುವವರಿಗೆ ಈ ಎರಡನೆಯದು ನಿಜಕ್ಕೂ ಅನುಕೂಲ. ಮಾತ್ರೆ ಪಿಎಚ್ ಇಳಿಸುತ್ತದೆ, ವಾರಕ್ಕೊಮ್ಮೆ ನೋಡಲೇಬೇಕು. ಉಳಿಕೆ ಕನಿಷ್ಠ 4 ಪಿಪಿಎಂ. ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲೇ ಅಳೆಯುವುದಾದರೆ ಬಂದ ಅಂಕಿಯನ್ನು 2.25ರಿಂದ ಗುಣಿಸಿ.

ಕೊರತೆಗಳೂ ಇವೆ. ಬಿಸಿಲಿಗೆ ಬ್ರೋಮಿನ್ ಬೇಗ ಹಾರುತ್ತದೆ, ಅದನ್ನು ಕಾಯಲು ಸಯನ್ಯೂರಿಕ್ ಆಮ್ಲದಿಂದ ಆಗದು. ಮಹಡಿಯ ಮೇಲೆ ತೆರೆದಿಟ್ಟ ತೊಟ್ಟಿಗೆ ಹೊಂದುವುದಿಲ್ಲ. ವಾಸನೆ ಮೈಗೆ ಅಂಟಿಕೊಳ್ಳುತ್ತದೆ. ಬೆಲೆ ಹೆಚ್ಚು. ಓಝೋನ್ ಯಂತ್ರ ಇರುವ ತೊಟ್ಟಿಯಲ್ಲಿ ಬ್ರೋಮೈಡ್‌ನ ಒಂದಂಶ ಬ್ರೋಮೇಟ್ ಎಂಬ ಅನಪೇಕ್ಷಿತ ವಸ್ತುವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಬ್ರೋಮೈಡ್ ಬಿದ್ದ ನೀರು ಖಾಲಿ ಮಾಡುವವರೆಗೂ ಬ್ರೋಮಿನ್ ನೀರೇ. ಅದಕ್ಕೆ ಎಷ್ಟು ಕ್ಲೋರಿನ್ ಹಾಕಿದರೂ ಬ್ರೋಮಿನ್ನೇ ಏಳುತ್ತದೆ.

ಉಪ್ಪಿನ ವ್ಯವಸ್ಥೆ ಮೂರನೆಯ ದಾರಿಯೇನಲ್ಲ. ಉಪ್ಪನ್ನು ವಿದ್ಯುತ್ತಿನಿಂದ ಒಡೆದು ಅಲ್ಲೇ ಕ್ಲೋರಿನ್ (ಬ್ರೋಮೈಡ್ ಉಪ್ಪಾದರೆ ಬ್ರೋಮಿನ್) ತಯಾರಿಸುವ ಯಂತ್ರ ಅದು. ದಿನವೂ ಒಂದೇ ಸಮ ಬಳಸುವ ಮನೆಗೆ ಒಳ್ಳೆಯದು. ಭಾನುವಾರ ಆರು ಜನ ಒಟ್ಟಿಗೆ ಇಳಿದರೆ ಅದರ ವೇಗ ಸಾಲದು, ಕೈಯಿಂದ ಹೈಪೋ ಹಾಕಲೇಬೇಕು. ಗಡಸು ನೀರಿನಲ್ಲಿ ಅದರ ಫಲಕಗಳಿಗೆ ಸುಣ್ಣ ಹಿಡಿಯುತ್ತದೆ.

ಅಳೆಯುವುದು

ಹಳದಿ ಬಣ್ಣ ಬರುವ ಹಳೆಯ ಓಟಿಓ ದ್ರಾವಣ ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಅದರಲ್ಲಿ ಕೆಲಸಕ್ಕೆ ಬಾರದ ಕ್ಲೋರಿನ್ನೂ ಸೇರಿರುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಬೇಕು. ಅದಕ್ಕೂ ಒಂದು ಚಾಳಿ ಇದೆ: ಕ್ಲೋರಿನ್ 10 ಪಿಪಿಎಂ ಮೀರಿ ಬಹಳ ಹೆಚ್ಚಾದರೆ ಗುಲಾಬಿ ಮಿಂಚಿ ಮಾಯವಾಗಿ ನೀರು ಬಣ್ಣವಿಲ್ಲದೆಯೇ ಕಾಣುತ್ತದೆ. ಕ್ಲೋರಿನ್ ಇಲ್ಲವೆಂದುಕೊಂಡು ಮತ್ತೆ ಸುರಿದರೆ ಕಷ್ಟ. ಅನುಮಾನ ಬಂದರೆ ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಬೆರೆಸಿ ಅಳೆದು, ಐದರಿಂದ ಗುಣಿಸಿ. ಹನಿ ಎಣಿಸುವ ಎಫ್‌ಎಎಸ್–ಡಿಪಿಡಿ ಕಿಟ್ ಸಿಕ್ಕರೆ ಈ ತೊಡಕೇ ಇಲ್ಲ. ಒಟ್ಟು ಕ್ಲೋರಿನ್ ಮತ್ತು ಮುಕ್ತ ಕ್ಲೋರಿನ್ (ಬೆವರಿನ ಅಮೋನಿಯಾ ಜೊತೆ ಸೇರದೆ ಉಳಿದದ್ದು) ನಡುವಿನ ಅಂತರ 0.5 ಪಿಪಿಎಂ ದಾಟಿದರೆ ಮುಕ್ತ ಕ್ಲೋರಿನ್ನನ್ನು 10–12ಕ್ಕೆ ಏರಿಸಿ, ಮುಚ್ಚಳ ತೆರೆದಿಟ್ಟು, ಅದು 5ರ ಕೆಳಗೆ ಇಳಿಯುವವರೆಗೆ ಯಾರೂ ಇಳಿಯಬೇಡಿ.

ದುಡ್ಡು ಕೊಟ್ಟು ಬರುವ ಅತಿಥಿಗಳಿಗಾಗಿ ತೊಟ್ಟಿ ಇಟ್ಟಿರುವ ಹೋಂಸ್ಟೇಯವರ ಲೆಕ್ಕ ಇನ್ನೂ ಬಿಗಿಯಾಗಿರಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹಾಟ್ ಟಬ್‌ಗಳಿಗೆ ಸಯನ್ಯೂರಿಕ್ ಆಮ್ಲವೇ ಬೇಡ ಎನ್ನುತ್ತದೆ. ಯಾರು ಎಷ್ಟು ಹೊತ್ತು ಕೂರುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲದಾಗ ಆ ಮಾತೇ ಸರಿ: ಸಣ್ಣ ಡೋಸಿಂಗ್ ಪಂಪ್ ಇಟ್ಟು ಹೈಪೋ, ಅಥವಾ ಬ್ರೋಮಿನ್, ದಿನಕ್ಕೆ ಕನಿಷ್ಠ ಎರಡು ಸಲ ಅಳತೆ, ಅದನ್ನು ಬರೆದಿಡುವ ಪುಸ್ತಕ.

ಡಬ್ಬಗಳ ವಿಷಯದಲ್ಲಿ ಉದಾಸೀನ ಬೇಡ. ಹೈಪೋಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಅದೇ ಕೆಲಸ ಮಾಡುತ್ತದೆ. ಡೈಕ್ಲೋರ್ ಅಥವಾ ಟಿಸಿಸಿಎಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೆರೆತು ತೇವ ಸೋಕಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮಳೆಗಾಲದ ತೇವದಲ್ಲಿ ಒಂದೇ ಚಮಚವನ್ನು ಎರಡೂ ಡಬ್ಬಕ್ಕೆ ಹಾಕುವುದೇ ಅಪಾಯಕ್ಕೆ ಸಾಕು. ಪ್ರತಿ ಡಬ್ಬಕ್ಕೂ ಅದರದೇ ಚಮಚ, ಬೇರೆ ಬೇರೆ ಕಪಾಟು. ಪುಡಿಯನ್ನು ನೀರಿಗೆ ಹಾಕಿ. ಪುಡಿಯ ಮೇಲೆ ನೀರು ಹೊಯ್ಯಬೇಡಿ.

ನೀರು ಯಾವಾಗ ಬದಲಿಸಬೇಕು? ಬರೀ ಡೈಕ್ಲೋರ್ ಬಳಸುವವರು ಲೀಟರ್ ಅಂಕಿಯನ್ನು 12ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂರುವವರ ಸಂಖ್ಯೆಯಿಂದ ಭಾಗಿಸಿದರೆ ದಿನಗಳು ಸಿಗುತ್ತವೆ. 1,200 ಲೀಟರ್, ಇಬ್ಬರು ಎಂದರೆ 50 ದಿನ. ಹೈಪೋ ಕ್ರಮದಲ್ಲಿ ಇದಕ್ಕಿಂತ ಹೆಚ್ಚು ಕಾಲ ಬರುತ್ತದೆ. ಖಾಲಿ ಮಾಡುವ ಹಿಂದಿನ ದಿನ ಪೈಪಿನ ಲೋಳೆ ಬಿಡಿಸುವ ದ್ರಾವಣ ಹಾಕಿ ಜೆಟ್ ಓಡಿಸಿ. ಹೊಚ್ಚ ಹೊಸ ತೊಟ್ಟಿಗೂ ಇದು ಬೇಕು, ಕಾರ್ಖಾನೆಯಲ್ಲಿ ನೀರು ಬಿಟ್ಟು ಪರೀಕ್ಷಿಸಿದ ಮೇಲೆ ಪೈಪಿನಲ್ಲಿ ತೇವ ಉಳಿದೇ ಬಂದಿರುತ್ತದೆ. ಹೊರಬಿಟ್ಟ ನೀರು ಕಾಫಿ, ಅಡಿಕೆ ಗಿಡದ ಬುಡಕ್ಕಾಗಲಿ, ಹಳ್ಳಕ್ಕಾಗಲಿ ಹೋಗಬಾರದು. ಮುಚ್ಚಳ ತೆಗೆದಿಟ್ಟರೆ ಒಂದೆರಡು ದಿನದಲ್ಲಿ ಕ್ಲೋರಿನ್ ಇಳಿದುಹೋಗಬಹುದು, ಆದರೆ ಬೋರೇಟ್, ಬ್ರೋಮೈಡ್, ಉಪ್ಪು ಹಾಗೇ ಇರುತ್ತವೆ. ಬೋರೇಟ್ ಹಾಕಿದ ನೀರನ್ನಂತೂ ಒಳಚರಂಡಿಗೇ ಬಿಡಿ. ಒಳಚರಂಡಿ ಇಲ್ಲದ ತೋಟದ ಮನೆಯಾದರೆ ಬೋರಿಕ್ ಆಮ್ಲದ ಗೊಡವೆಗೇ ಹೋಗದೆ, ಕ್ಷಾರೀಯತೆಯನ್ನು 50ರ ಹತ್ತಿರ ಇಟ್ಟುಕೊಂಡು ನಡೆಸಿ.